ಹತ್ತಿ ಇಳಿಯುವ ಜೇಡ

ಹಳ್ಳಿಯೊಂದರ ಅರಿವು ಕೇಂದ್ರ. ಮಕ್ಕಳ ಬೇಸಿಗೆ ಶಿಬಿರಕ್ಕೆ ತಯಾರಿ ನಡೆದಿದೆ. ಮೇಜಿನ ಮೇಲೆ ಹಳೆಯ ಲಗ್ನಪತ್ರಿಕೆಗಳ ಕಟ್ಟು, ಕತ್ತರಿ, ಗೋಂದು. ಮಾತಾಡುತ್ತಿರುವವರು ಇಬ್ಬರು: ಗ್ರಂಥಪಾಲಕಿ, ಮತ್ತು ಹೈಸ್ಕೂಲಿನಲ್ಲಿ ಅವಳಿಗೆ ವಿಜ್ಞಾನ ಹೇಳಿಕೊಟ್ಟು ಈಗ ನಿವೃತ್ತರಾಗಿರುವ ಮೇಷ್ಟ್ರು.

– ಸಾರ್, ಮಂಗಳವಾರಕ್ಕೆ ‘ಕಾಗದದ ಜೇಡ’ ಅಂತ ಬರೆದಿಟ್ಟಿದ್ದೀನಿ. ಮೊಬೈಲಿನಲ್ಲಿ ನೋಡಿದೆ, ಅರ್ಧ ಗಂಟೆಯ ಕೆಲಸ. ಕಪ್ಪು ಕಾಗದ ದುಂಡಗೆ ಕತ್ತರಿಸೋದು, ಎಂಟು ಪಟ್ಟಿ ಮಡಚಿ ಅಂಟಿಸೋದು, ಬಿಳಿ ಕಾಗದದಲ್ಲಿ ಎರಡು ಕಣ್ಣು. ಅಚ್ಚನ್ನ ಝೆರಾಕ್ಸ್ ಮಾಡಿಸಿಬಿಟ್ಟರೆ ಮಕ್ಕಳಿಗೂ ಸುಲಭ, ನನಗೂ ಸುಲಭ.

– ಮಾಡಿ ಮುಗಿಸಿದ ಮೇಲೆ?

– ಮನೆಗೆ ತಗೊಂಡು ಹೋಗ್ತಾರೆ.

– ಮನೆವರೆಗೂ ಹೋಗೋದಿಲ್ಲ ಕಣಮ್ಮ. ತಂಗಿ ಮುಖಕ್ಕೆ ಒಂದು ಸಲ ಹಿಡಿದು ಹೆದರಿಸ್ತಾರೆ, ಆಮೇಲೆ ಚರಂಡಿಗೆ. ಆಟಿಕೆ ಅಂದಮೇಲೆ ಅದು ಅಲುಗಬೇಕು. ಮಗು ಒಂದು ಮಾಡಿದರೆ ಅದು ಇನ್ನೊಂದು ಮಾಡಬೇಕು.

– ಇದೂ ಅಲುಗುತ್ತೆ ಸಾರ್. ಕಾಲಿನ ಪಟ್ಟಿಗಳನ್ನ ಹಿಂದೆ ಮುಂದೆ ಮಡಚಿರ್ತಾರಲ್ಲ, ಬೆನ್ನಿಗೊಂದು ದಾರ ಕಟ್ಟಿ ಎತ್ತಿ ಹಿಡಿದರೆ ಎಂಟೂ ಕಾಲು ಪಟಪಟ ಅಂತ ಕುಣಿಯುತ್ತೆ.

– ಅಲ್ಲಿ ಕುಣಿಯೋದು ನಮ್ಮ ಕೈ. ಜೇಡ ಸುಮ್ಮನೆ ಜೋತಾಡ್ತಿರುತ್ತೆ. ನಾಲ್ಕೈದು ವರ್ಷದ ಮಕ್ಕಳಿಗೆ ಅದು ಸಾಕು, ಬೇಡ ಅನ್ನಲ್ಲ. ಎಂಟು ಹತ್ತು ವರ್ಷದವರಿಗೆ ದಾರ ಹಿಡಿದು ತಾನೇ ಮೇಲಕ್ಕೆ ಹತ್ತುವ ಜೇಡ ಮಾಡಿಸೋಣ. ಎಳೆದರೆ ಕೆಳಗೆ ಬರಬೇಕಾದದ್ದು ಮೇಲೆ ಹೋಗುತ್ತೆ ನೋಡು, ಮಕ್ಕಳು ಅಲ್ಲೇ ಬಾಯಿ ತೆರೀತಾರೆ.

– ಬ್ಯಾಟರಿ ಗೀಟರಿ ಬೇಕಾ?

– ಏನೂ ಬೇಡ. ಆ ಲಗ್ನಪತ್ರಿಕೆ ಕೊಡು ಇಲ್ಲಿ. ವಧೂವರರ ಹೆಸರು ಒಳಗೆ ಹೋಗಲಿ, ಗಣಪತಿ ಇರೋ ಮಗ್ಗುಲನ್ನ ಬೇರೆ ತೆಗೆದಿಡು, ಅದಕ್ಕೆ ಕತ್ತರಿ ಹಾಕಿಸಿದರೆ ಯಾರಾದರೂ ಅಜ್ಜಿ ಬಂದು ನಿನ್ನ ವಿಚಾರಿಸಿಕೊಳ್ತಾರೆ. ಅಂಗೈಯಗಲದ ಮೈ ಕತ್ತರಿಸು. ಈಗ ಇದರ ಹಿಂಬದಿಗೆ ಎರಡು ಸಣ್ಣ ಕೊಳವೆ ಅಂಟಿಸಬೇಕು. ಒಂದೊಂದೂ ನಿನ್ನ ಕಿರುಬೆರಳಿನಷ್ಟು ಉದ್ದ. ಅಕ್ಕಪಕ್ಕ ನೆಟ್ಟಗೆ ಅಂಟಿಸಬೇಡ. ಮೇಲಿನ ತುದಿಗಳು ಹತ್ತಿರ ಇರಲಿ, ಕೆಳಗಿನ ತುದಿಗಳು ದೂರ ಸರಿದಿರಲಿ. ಇಡೀ ಆಟ ಇರೋದು ಈ ಓರೆಯಲ್ಲೇ.

– ಸ್ಟ್ರಾ ತರಿಸ್ಲಾ? ಈಗ ಪ್ಲಾಸ್ಟಿಕ್ ಸ್ಟ್ರಾ ಸಿಗಲ್ಲವಲ್ಲ.

– 2022ರ ಜುಲೈ 1ರಿಂದ ಕಾನೂನಿನ ಪ್ರಕಾರ ಸಿಗಬಾರದು. ಸಿಕ್ಕರೂ ನಮಗೆ ಬೇಡ. ಖಾಲಿಯಾದ ಪೆನ್ನಿನ ರೀಫಿಲ್ ಮೇಲೆ ಕಾಗದದ ಪಟ್ಟಿ ಸುತ್ತಿ, ಕೊನೆಗೆ ಗೋಂದು ಹಚ್ಚಿ, ರೀಫಿಲ್ ಹೊರಗೆಳೆದರೆ ಕೊಳವೆ ಸಿದ್ಧ. ಗೋಂದು ಒಳಗೆ ಹೋಗಬಾರದು, ರೀಫಿಲ್ಲೇ ಅಂಟಿಕೊಂಡುಬಿಡುತ್ತೆ. ಪೆನ್ಸಿಲ್ ಮೇಲೆ ಸುತ್ತಿದರೆ ತೂತು ತೀರಾ ದೊಡ್ಡದಾಗುತ್ತೆ, ದಾರ ಒಳಗೆ ಆರಾಮಾಗಿ ಓಡಾಡಿಕೊಂಡಿರುತ್ತೆ. ನಮಗೆ ಅದು ಕೊಂಚ ತಿಕ್ಕಬೇಕು.

– ದಾರ ಯಾವುದು?

– ಹೂ ಕಟ್ಟೋ ದಾರ, ಎರಡೆಳೆ ಹೊಸೆದದ್ದು. ನೈಲಾನ್ ಬೇಡವೇ ಬೇಡ, ಜಾರುತ್ತೆ. ಒಂದು ಅಡಿಪಟ್ಟಿಯನ್ನೋ ಗಟ್ಟಿ ಕಡ್ಡಿಯನ್ನೋ ತಗೊಂಡು, ನಡುಮಧ್ಯಕ್ಕೆ ದಾರ ಕಟ್ಟಿ ಕಿಟಕಿ ಸರಳಿಗೆ ತೂಗುಹಾಕು. ಕಡ್ಡಿಯ ಎರಡು ಕಡೆಯಿಂದ ಎರಡು ದಾರ ಇಳಿಬಿಡು. ಅವನ್ನ ಒಂದೊಂದು ಕೊಳವೆಯೊಳಗೆ ಪೋಣಿಸಿ, ಕೆಳತುದಿಗೆ ಅಂಗಿಯ ಗುಂಡಿ ಕಟ್ಟು, ಹಿಡಿಯೋಕೆ. ಆಮೇಲೆ ಎರಡೂ ಕೈ ಒಂದಿಷ್ಟು ಅಗಲಿಸಿ, ಎಡಗೈ ಒಮ್ಮೆ ಬಲಗೈ ಒಮ್ಮೆ ಎಳೀತಾ ಹೋಗು. ಮೈ ವಾಲಾಡ್ತಾ ವಾಲಾಡ್ತಾ ಮೇಲಕ್ಕೆ ಹೋಗುತ್ತೆ. ಎರಡೂ ದಾರ ಸಡಿಲ ಬಿಟ್ಟರೆ ಸರ್ರನೆ ಇಳಿಯುತ್ತೆ. ಮೈ ತೀರಾ ಹಗುರ ಆದರೆ ಇಳಿಯದೆ ಅಲ್ಲೇ ಸಿಕ್ಕಿಕೊಳ್ಳುತ್ತೆ, ಹೊಟ್ಟೆಯ ಹಿಂದೆ ಒಂದು ರೂಪಾಯಿ ನಾಣ್ಯ ಅಂಟಿಸಿದರೆ ಸರಿಹೋಗುತ್ತೆ.

– ಯಾಕೆ ಹತ್ತುತ್ತೆ ಸಾರ್? ಮಕ್ಕಳು ಕೇಳೋದಕ್ಕಿಂತ ಮುಂಚೆ ನಾನೇ ಕೇಳಿಬಿಡ್ತೀನಿ.

– ಬಲಗಡೆ ದಾರ ಎಳೆದೆ ಅಂತ ಇಟ್ಟುಕೋ. ಆ ದಾರ ಬಿಗಿಯಾಗಿ ಓರೆ ಕೊಳವೆಯ ಜೊತೆ ಒಂದೇ ಗೆರೆಗೆ ಬರುತ್ತೆ, ಅದಕ್ಕೇ ಸಲೀಸಾಗಿ ಜಾರುತ್ತೆ. ಅದೇ ಹೊತ್ತಿಗೆ ಮೇಲಿನ ಕಡ್ಡಿ ಬಲಕ್ಕೆ ವಾಲಿ, ಅದರ ಎಡತುದಿ ಮೇಲೆದ್ದಿರುತ್ತೆ. ಎಡದ ದಾರ ಕೆಳಗಡೆ ಸಡಿಲ, ಮೇಲ್ಗಡೆ ಜೇಡದ ಭಾರ ಹೊತ್ತಿದೆ. ಅದು ಕೊಳವೆಯ ಬಾಯಲ್ಲಿ ಕೊಂಕಿಕೊಂಡಿರುತ್ತೆ. ಕೊಂಕಿದ ಕಡೆ ದಾರ ಕಾಗದವನ್ನ ಕಚ್ಚುತ್ತೆ, ಜಾರೋದಿಲ್ಲ. ಹಾಗಾಗಿ ಕಡ್ಡಿಯ ಎಡತುದಿ ಮೇಲೆ ಹೋದಷ್ಟೂ ಜೇಡದ ಎಡಮಗ್ಗುಲು ಮೇಲೆ ಹೋಗುತ್ತೆ. ಈಗ ಎಡ ಎಳೆದರೆ ಬಲಮಗ್ಗುಲಿನ ಸರದಿ. ಒಂದು ಕಡೆ ಹಿಡಿ, ಇನ್ನೊಂದು ಕಡೆ ಬಿಡು. ಅಷ್ಟೇ ಘರ್ಷಣೆಯ ಪಾಠ. ಪುಸ್ತಕದಲ್ಲಿ ಘರ್ಷಣೆ ಅಂದರೆ ಬರೀ ಶತ್ರು: ಯಂತ್ರ ಸವೆಸುತ್ತೆ, ಎಣ್ಣೆ ಹಾಕಿ ಅಂತ. ಇಲ್ಲಿ ಅದಿಲ್ಲದಿದ್ದರೆ ಜೇಡ ಒಂದಿಂಚೂ ಏಳಲ್ಲ.

– ಕೊಳವೆ ನೆಟ್ಟಗೆ ಅಂಟಿಸಿದವರದ್ದು ಹತ್ತಲ್ಲ?

– ಹತ್ತಲ್ಲ. ಯಾರಾದರೂ ಒಬ್ಬ ನೆಟ್ಟಗೆ ಅಂಟಿಸಿಯೇ ಅಂಟಿಸ್ತಾನೆ. ಅವನದನ್ನ ತಿದ್ದೋಕೆ ಹೋಗಬೇಡ. ಹತ್ತುವ ಜೇಡ, ಹತ್ತದ ಜೇಡ ಎರಡನ್ನೂ ಅಕ್ಕಪಕ್ಕ ತೂಗುಬಿಟ್ಟು, ‘ಇವೆರಡಕ್ಕೂ ಏನು ವ್ಯತ್ಯಾಸ’ ಅಂತ ಕೇಳಿ ಸುಮ್ಮನಿರು. ನಿನ್ನ ಝೆರಾಕ್ಸ್ ಅಚ್ಚಿನಲ್ಲಿ ಎಲ್ಲರದ್ದೂ ಒಂದೇ ಥರ ಇರುತ್ತೆ, ಹೋಲಿಸೋಕೆ ಏನೂ ಇರಲ್ಲ. ಅದಕ್ಕೇ ನನಗೆ ಅಚ್ಚು ಅಂದರೆ ಆಗಲ್ಲ.

– ಅಚ್ಚು ಬೇಡ ಅನ್ನೋದು ನಿಮಗೆ ಸುಲಭ. ಮೂವತ್ತು ಮಕ್ಕಳು, ಆರು ಕತ್ತರಿ. ‘ಮಿಸ್, ನಂಗೆ ಬರಲ್ಲ’ ಅಂತ ಅಳೋರು ನಾಲ್ಕು ಜನ ಇರ್ತಾರೆ.

– ಅಳೋರಿಗೆ ಬಳೆ ಇಟ್ಟು ಗೆರೆ ಎಳೆದುಕೊಡು, ದೊಡ್ಡ ಬಳೆ ಹೊಟ್ಟೆಗೆ, ಸಣ್ಣ ಬಳೆ ಮುಂಭಾಗಕ್ಕೆ. ಅದು ಅಚ್ಚಲ್ಲ, ಉಪಕರಣ. ಆದರೆ ಕಾಲು ಎಲ್ಲಿ ಹಚ್ಚಬೇಕು ಅಂತ ಮಾತ್ರ ಮೊದಲೇ ಹೇಳಬೇಡ.

– ಯಾಕೆ, ಹೊಟ್ಟೆಗೆ ತಾನೇ?

– ನೋಡಿದೆಯಾ! ನೂರಕ್ಕೆ ತೊಂಬತ್ತು ಜನ ಹೊಟ್ಟೆಗೇ ಹಚ್ಚೋದು. ಅದು ದೊಡ್ಡದಾಗಿ ಕಾಣುತ್ತಲ್ಲ. ಜೇಡದ ಎಂಟೂ ಕಾಲು ಇರೋದು ಮುಂದಿನ ಸಣ್ಣ ಭಾಗಕ್ಕೆ. ತಲೆ ಎದೆ ಎರಡೂ ಒಂದಾಗಿರೋ ಭಾಗ ಅದು. ಹಿಂದಿನ ದೊಡ್ಡ ಹೊಟ್ಟೆಗೆ ಒಂದೂ ಕಾಲಿಲ್ಲ. ಎರಡರ ನಡುವೆ ಸಣ್ಣ ಸೊಂಟ. ಬಾಯಿಯ ಪಕ್ಕ ಇನ್ನೆರಡು ಪುಟ್ಟ ಕೈಗಳ ಥರದ್ದಿರುತ್ತೆ, ಎಣಿಸೋ ಮಕ್ಕಳು ಹತ್ತು ಕಾಲು ಅಂತಾರೆ. ಹತ್ತು ಅಂದವನಿಗೆ ಶಭಾಷ್ ಅನ್ನು, ಅವನು ನಿಜವಾಗಿ ನೋಡಿದ್ದಾನೆ. ಕಣ್ಣು ಬಹುಪಾಲು ಜೇಡಗಳಿಗೆ ಎಂಟು, ಎರಡಲ್ಲ. ನೂಲು ಬರೋದು ಬಾಯಿಂದ ಅಲ್ಲ, ಹೊಟ್ಟೆಯ ತುದಿಯ ತೊಟ್ಟುಗಳಿಂದ.

– ಅಯ್ಯೋ, ಇಷ್ಟೆಲ್ಲ ಹೇಳೋಕೆ ಶುರು ಮಾಡಿದರೆ ಅದು ಶಿಬಿರ ಅಲ್ಲ ಸಾರ್, ಎಸ್ಸೆಸ್ಸೆಲ್ಸಿ ಸ್ಪೆಷಲ್ ಕ್ಲಾಸ್. ಹೋದ ವರ್ಷದ ಒಂದು ಕಥೆ ಹೇಳ್ತೀನಿ ಕೇಳಿ. ಜೇಡದ ಚಿತ್ರ ಬರೀರಿ ಅಂದೆ. ಒಬ್ಬ ಹುಡುಗ ನಾಲ್ಕೇ ಕಾಲು ಬರೆದ. ಪಕ್ಕದವನು ನಕ್ಕ. ಇವನು ‘ನಮ್ಮ ಹೊಲದ ಬೇಲೀಲಿ ಇರೋದಕ್ಕೆ ನಾಲ್ಕೇ ಇರೋದು, ಬೇಕಾದರೆ ಬಾ ತೋರಿಸ್ತೀನಿ’ ಅಂತ ಜಗಳಕ್ಕೇ ನಿಂತ. ನಾನು ಏನು ಹೇಳಬೇಕಿತ್ತು?

– ಹಳದಿ ಪಟ್ಟೆ ಮೈಯದಾ? ಬಲೆಯ ನಡುವೆ ಬಿಳಿ ನೂಲಿನಲ್ಲಿ ಗುಣಿಸುವ ಚಿಹ್ನೆ ಇರುತ್ತಲ್ಲ, ಅಂಕುಡೊಂಕು ಹೊಲಿಗೆಯದ್ದು?

– ಹೌದು, ಅದೇ ಅಂದ. ಲಂಟಾನ ಪೊದೆಯಲ್ಲಿ ಬೇಕಾದಷ್ಟಿವೆ.

– ಅವನು ಹೇಳಿದ್ದು ಕಣ್ಣಾರೆ ಕಂಡದ್ದನ್ನ. ಆರ್ಜಿಯೋಪ್ ಅನ್ನೋ ಜೇಡ ಅದು. ತಲೆಕೆಳಗಾಗಿ ಕೂತಿರುತ್ತೆ, ಕಾಲುಗಳನ್ನ ಎರಡೆರಡು ಜೋಡಿಸಿ ಅದೇ ಬಿಳಿ ಚಿಹ್ನೆಯ ನಾಲ್ಕು ತೋಳಿನ ಮೇಲೆ ಚಾಚಿಕೊಂಡಿರುತ್ತೆ. ದೂರದಿಂದ ನೋಡಿದರೆ ನಾಲ್ಕೇ ಕಾಲು. ಒಂದು ಹುಲ್ಲುಕಡ್ಡಿಯಿಂದ ಬಲೆಯ ಅಂಚು ಮುಟ್ಟಿದರೆ ಜೋಡಿ ಬಿಚ್ಚಿಕೊಂಡು ಎಂಟಾಗುತ್ತೆ. ಆ ಹುಡುಗನ ಜೊತೆ ಬೇಲಿಗೆ ಹೋಗಿ ಅದನ್ನ ತೋರಿಸಬೇಕಿತ್ತು. ಜೇಡ ಮೊದಲು, ಕಾಗದ ಆಮೇಲೆ ಅಂತ ನಾನು ಬಡಕೊಳ್ಳೋದು ಇದಕ್ಕೇ.

– ನನಗೆ ಅದು ಉಲ್ಟಾ ಅನ್ನಿಸುತ್ತೆ ಸಾರ್. ಮೊದಲೇ ಬೇಲಿಗೆ ಕರಕೊಂಡು ಹೋದರೆ ಮಕ್ಕಳು ನೋಡೋದು ಓತಿಕ್ಯಾತ, ಮಾವಿನಕಾಯಿ, ಪಕ್ಕದ ಮನೆ ನಾಯಿ. ಕೈಯಲ್ಲಿ ಒಂದು ಜೇಡ ಮಾಡಿ, ಕಾಲು ಎಲ್ಲಿ ಅಂಟಿಸೋದು ಅಂತ ಒದ್ದಾಡಿದವನು ಮಾತ್ರ ಮಾರನೇ ದಿನ ಬಲೆ ಮುಂದೆ ನಿಂತು ಕಾಲಿನ ಬುಡ ನೋಡ್ತಾನೆ. ಒದ್ದಾಟ ಮೊದಲು, ನೋಟ ಆಮೇಲೆ.

– ಹೂಂ. ತಪ್ಪು ಜಾಗಕ್ಕೆ ಹಚ್ಚಿಸಿ, ಮರುದಿನ ತಾವೇ ಕಿತ್ತು ಹಚ್ಚೋ ಹಾಗೆ ಮಾಡ್ತೀಯ?

– ಕಿತ್ತು ಹಚ್ಚೋರು ಹಚ್ಚಲಿ. ಹೊಟ್ಟೆಗೇ ಇರಲಿ ಅನ್ನೋರದ್ದು ಹೊಟ್ಟೆಗೇ ಇರಲಿ. ಆಟಿಕೆ ಅದು.

– ಒಪ್ಪೋದು ಕಷ್ಟ. ಆದರೂ ಕಾಲಿನ ವಿಷಯಕ್ಕೆ ಬಂದದ್ದು ಒಳ್ಳೆದಾಯ್ತು. ಪಟ್ಟಿಯನ್ನ ಎಡೆಬಿಡದೆ ಹಿಂದೆ ಮುಂದೆ ಮಡಚಿದರೆ ಅದು ಸ್ಪ್ರಿಂಗ್ ಆಗುತ್ತೆ, ಕಾಲು ಆಗಲ್ಲ. ಜೇಡದ ಕಾಲು ಮೈಯಿಂದ ಮೊದಲು ಮೇಲಕ್ಕೆ ಹೋಗಿ, ಮೈಗಿಂತ ಎತ್ತರದಲ್ಲಿ ಮಂಡಿ ಮಾಡಿ, ಆಮೇಲೆ ಕೆಳಕ್ಕೆ ಇಳಿಯುತ್ತೆ. ಒಂದು ದೊಡ್ಡ ಗುಡ್ಡದ ಮಡಿಕೆ, ತುದಿಯ ಹತ್ತಿರ ಒಂದು ಸಣ್ಣ ಕಣಿವೆ ಮಡಿಕೆ, ಇಷ್ಟು ಸಾಕು. ನಿಜವಾದ ಕಾಲಿನಲ್ಲಿ ಏಳು ಖಂಡ ಇದೆ, ಮಕ್ಕಳಿಗೆ ಏಳೂ ಬೇಡ.

– ಪೇಪರ್ ಯಾವುದಾದರೂ ಆಗುತ್ತಾ? ಕ್ರಾಫ್ಟ್ ಪೇಪರ್ ಕಾಲು ಸೋತು ನೆಲಕ್ಕೆ ಬೀಳ್ತವೆ.

– ಹಳೆ ಕ್ಯಾಲೆಂಡರ್ ಹಾಳೆ ತಗೋ. ಕತ್ತರಿಸೋದಕ್ಕೆ ಮುಂಚೆ ಒಂದು ಪರೀಕ್ಷೆ ಮಾಡು. ಇಲ್ಲಿ ಬಾ, ಈ ದಿನಪತ್ರಿಕೆಯ ತುಂಡನ್ನ ಮೇಲಿಂದ ಕೆಳಕ್ಕೆ ಹರಿ. ನೆಟ್ಟಗೆ ಹರಿಯಿತಾ? ಈಗ ಅಡ್ಡಕ್ಕೆ ಹರಿ.

– ಇದು ಎಲ್ಲೆಲ್ಲೋ ಹೋಯ್ತು. ಹಲ್ಲು ಹಲ್ಲಾಗಿ.

– ಕಾಗದ ಮಾಡೋ ಯಂತ್ರದಲ್ಲಿ ತಿರುಳು ಹರಿಯೋವಾಗ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗ್ತವೆ. ಆ ದಿಕ್ಕಿಗೆ ಹರಿದರೆ ನೆಟ್ಟಗೆ, ಅದಕ್ಕೆ ಅಡ್ಡ ಹರಿದರೆ ಅಂಕುಡೊಂಕು. ಕಾಲಿನ ಪಟ್ಟಿಯ ಉದ್ದ ನಾರಿನ ದಿಕ್ಕಿಗೇ ಇದ್ದರೆ ಕಾಲು ಬಿಗಿಯಾಗಿ ನಿಲ್ಲುತ್ತೆ. ಅಡ್ಡ ಕತ್ತರಿಸಿದರೆ ಬಾಗಿಬಿಡುತ್ತೆ. ಒಂದೇ ಹಾಳೆ, ಒಂದೇ ಅಳತೆ, ಒಬ್ಬನ ಜೇಡ ನಿಲ್ಲುತ್ತೆ, ಇನ್ನೊಬ್ಬನದ್ದು ಕುಸಿಯುತ್ತೆ. ಕುಸಿದವನು ಗೋಂದಿಗೆ ಬಯ್ತಿರ್ತಾನೆ ಪಾಪ.

– ಇದು ನನಗೂ ಗೊತ್ತಿರಲಿಲ್ಲ. ಸರಿ, ಮೈ ಆಯ್ತು, ಕೊಳವೆ ಆಯ್ತು, ಕಾಲು ಆಯ್ತು. ಅಲ್ಲಿಗೆ ಮುಗೀತು ತಾನೇ?

– ಮುಗೀತು ಅಂತ ನೀನು ಅಂದುಕೊಳ್ಳೋ ಹೊತ್ತಿಗೆ ಯಾವುದೋ ಹುಡುಗಿ ಕೇಳ್ತಾಳೆ: ‘ನಮ್ಮದಕ್ಕೆ ದಾರ ಎಳೀಬೇಕು, ನಿಜವಾದ ಜೇಡದ ಕಾಲನ್ನ ಯಾರು ಎಳೀತಾರೆ?’ ಏನು ಹೇಳ್ತೀಯ?

– ಮಾಂಸಖಂಡ. ನಮಗಿರೋ ಹಾಗೆ.

– ಅರ್ಧ ಸರಿ. ಆ ಮೂಲೆ ನೋಡು, ಬೀರು ಹಿಂದೆ. ಸತ್ತ ಜೇಡ ಬಿದ್ದಿದೆ. ಪೊರಕೆಕಡ್ಡೀಲಿ ಇತ್ತ ತಳ್ಳು. ಕಾಲು ಹೇಗಿದೆ?

– ಎಲ್ಲಾ ಒಳಗೆ ಮುದುರಿಕೊಂಡಿದೆ. ಸತ್ತ ಜೇಡ ಯಾವಾಗಲೂ ಹೀಗೇ ಇರುತ್ತೆ.

– ಯಾವಾಗಲೂ ಹೀಗೇ ಯಾಕೆ? ನಾಯಿ ಸತ್ತರೆ ಕಾಲು ಚಾಚಿಕೊಂಡು ಬಿದ್ದಿರುತ್ತೆ. ಜೇಡ ಮಾತ್ರ ಮುದುರುತ್ತೆ. ನಮ್ಮ ಮೊಣಕೈಗೆ ಮಡಚೋಕೊಂದು ಸ್ನಾಯು, ಬಿಡಿಸೋಕೊಂದು ಸ್ನಾಯು. ಜೇಡದ ಕಾಲಿನ ಎರಡು ಮುಖ್ಯ ಕೀಲಿನಲ್ಲಿ ಮಡಚೋ ಸ್ನಾಯು ಇದೆ, ಬಿಡಿಸೋ ಸ್ನಾಯುವೇ ಇಲ್ಲ. ಅದು ಬಿಡಿಸೋದು ರಕ್ತದ ಒತ್ತಡದಿಂದ. ಮೈಯ ಮುಂಭಾಗ ಬಿಗಿ ಹಿಡಿದು ದ್ರವವನ್ನ ಕಾಲಿನೊಳಗೆ ನೂಕುತ್ತೆ, ಕಾಲು ಸಟ್ಟನೆ ಚಾಚಿಕೊಳ್ಳುತ್ತೆ. ಜೀವ ಹೋದರೆ ಒತ್ತಡ ಹೋಯ್ತು, ಮಡಿಕೆ ಮಾತ್ರ ಉಳೀತು.

– ಜಾತ್ರೇಲಿ ಮಾರ್ತಾರಲ್ಲ ಸಾರ್, ಸುರುಳಿ ಪೀಪಿ? ಊದಿದರೆ ಉದ್ದಕ್ಕೆ ಬಿಚ್ಚಿಕೊಂಡು ಮುಂದಿನವರ ಕಿವಿಗೆ ತಗಲುತ್ತೆ, ಉಸಿರು ನಿಲ್ಲಿಸಿದರೆ ಮತ್ತೆ ಸುತ್ತಿಕೊಳ್ಳುತ್ತೆ?

– ಅದೇ! ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಬಿಚ್ಚೋದು ಉಸಿರು, ಸುತ್ತಿಕೊಳ್ಳೋದು ಒಳಗಿನ ತಂತಿ. ಜೇಡದಲ್ಲಿ ಬಿಚ್ಚೋದು ದ್ರವ, ಮಡಚೋದು ಸ್ನಾಯು. ಒಂದು ಡಜನ್ ಪೀಪಿ ತರಿಸು. ಎಂಟು ಪೀಪಿ ರಟ್ಟಿನ ಡಬ್ಬಕ್ಕೆ ಸಿಕ್ಕಿಸಿ ಎಂಟು ಮಕ್ಕಳು ಒಟ್ಟಿಗೆ ಊದಿದರೆ ಒಂದು ದೊಡ್ಡ ಜೇಡ ಎದ್ದು ನಿಲ್ಲುತ್ತೆ. ನಿಲ್ಲದೇ ಇರಬಹುದು, ಸದ್ದಂತೂ ಆಗುತ್ತೆ.

– ಪಂಚಾಯಿತಿ ಆಫೀಸು ಪಕ್ಕದಲ್ಲೇ ಇದೆ ಸಾರ್.

– ಅವರೂ ಎದ್ದುಕೊಳ್ಳಲಿ ಬಿಡು. 1959ರಲ್ಲಿ ಪ್ಯಾರಿ, ಬ್ರೌನ್ ಅಂತ ಇಬ್ಬರು ಕೇಂಬ್ರಿಜ್‌ನಲ್ಲಿ ಮನೆಜೇಡದ ಕಾಲಿನೊಳಗಿನ ಒತ್ತಡವನ್ನ ಅಳೆದರು. ಸುಮ್ಮನೆ ಕೂತಾಗ ಪಾದರಸದ ಲೆಕ್ಕದಲ್ಲಿ ಸುಮಾರು 50 ಮಿಲಿಮೀಟರು, ಗಕ್ಕನೆ ಏರಿದಾಗ 400ರವರೆಗೆ. ಆಸ್ಪತ್ರೇಲಿ ನಮ್ಮ ಬಿ.ಪಿ. 120 ಇದ್ದರೆ ಸರಿಯಾಗಿದೆ ಅಂತಾರೆ, 180 ಆದರೆ ಮನೆಯವರನ್ನ ಕರೀತಾರೆ. ಇಷ್ಟು ಪುಟ್ಟ ಪ್ರಾಣಿ 400! ಗೋಡೆ ಮೇಲೆ ಕುಪ್ಪಳಿಸಿ ನೊಣ ಹಿಡಿಯುತ್ತಲ್ಲ ಸಣ್ಣ ಜೇಡ, ಅದು ಹಾರೋದೂ ಹಿಂಗಾಲಿಗೆ ಈ ಒತ್ತಡ ನೂಕಿಯೇ.

– ಸತ್ತ ಜೇಡಕ್ಕೆ ಯಾರಾದರೂ ಹೊರಗಿನಿಂದ ಊದಿದರೆ?

– ಬಿಚ್ಚಿಕೊಳ್ಳುತ್ತೆ. ತಮಾಷೆಯಲ್ಲ, 2022ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ಸತ್ತ ಜೇಡದ ಮೈಗೆ ಸೂಜಿ ಚುಚ್ಚಿ, ಸಿರಿಂಜಿನಿಂದ ಗಾಳಿ ನೂಕಿ ಕಾಲು ಬಿಚ್ಚಿಸಿದರು. ಗಾಳಿ ಬಿಟ್ಟಾಗ ಕಾಲು ಮುದುರಿ ಸಣ್ಣ ವಸ್ತುಗಳನ್ನ ಹಿಡಿದೆತ್ತಿತು. ಮರುವರ್ಷ ಅವರಿಗೆ ಇಗ್ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚೋ ಸಂಶೋಧನೆಗೆ ಕೊಡ್ತಾರಲ್ಲ, ಆ ಬಹುಮಾನ. ನನಗೆ ಆ ಕೆಲಸ ಕೊಂಚ ಕಸಿವಿಸಿಯೇ. ಆದರೆ ತತ್ವ ಶುದ್ಧ. ದೊಡ್ಡ ಮಕ್ಕಳಿಗೆ ಇದನ್ನ ಸೂಜಿ ಇಲ್ಲದ ಎರಡು ಸಿರಿಂಜಿನಲ್ಲಿ ಮಾಡಿಸಬಹುದು. ಎರಡಕ್ಕೂ ನಡುವೆ ಡ್ರಿಪ್ ಟ್ಯೂಬ್, ಒಳಗೆ ಬಣ್ಣದ ನೀರು. ಒಂದನ್ನ ಒತ್ತಿದರೆ ಇನ್ನೊಂದರ ಹಿಡಿ ಹೊರಗೆ ಬರುತ್ತೆ. ಅದನ್ನ ರಟ್ಟಿನ ಕಾಲಿನ ಮಂಡಿಗೆ ಕಟ್ಟಿದರೆ ಕಾಲು ಚಾಚುತ್ತೆ. ಮೆಡಿಕಲ್ ಸ್ಟೋರಿನಿಂದ ಹೊಸದೇ ತರಬೇಕು, ಬಳಸಿದ್ದು ಖಂಡಿತಾ ಬೇಡ.

– ಆ ಮಂಡಿಗೆ ಕೀಲು ಯಾವುದು? ಪೇಟೆಯಲ್ಲಿ ಹಿತ್ತಾಳೆ ಪಿನ್ ಸಿಗುತ್ತೆ, ಇಲ್ಲಿ ಸಿಗಲ್ಲ.

– ತೊಗಲುಗೊಂಬೆ ನೋಡಿದ್ದೀಯಲ್ಲ. ತೋಳು, ಮುಂಗೈ ಬೇರೆ ಬೇರೆ ಕತ್ತರಿಸಿ, ಒಂದರ ಮೇಲೊಂದು ಇಟ್ಟು, ತೂತಿನಲ್ಲಿ ದಾರ ತೂರಿಸಿ ಎರಡೂ ಕಡೆ ಗಂಟು ಹಾಕಿರ್ತಾರೆ. ರಾವಣನ ಕೈ ಅಷ್ಟು ಚೆನ್ನಾಗಿ ಆಡೋದು ಆ ಗಂಟಿನ ಮೇಲೆ. ಗಂಟು ಬಿಗಿಯಾದರೆ ಕೈ ಕಟ್ಟಿಹೋಗುತ್ತೆ, ಸಡಿಲಾದರೆ ಜೋಲುತ್ತೆ. ಗಂಟು ಹಾಕುವಾಗ ನಡುವೆ ಒಂದು ಬೆಂಕಿಕಡ್ಡಿ ಇಟ್ಟು, ಆಮೇಲೆ ಕಡ್ಡಿ ಎಳೆದುಬಿಟ್ಟರೆ ಬೇಕಾದಷ್ಟೇ ಸಡಿಲ ಉಳಿಯುತ್ತೆ. ಇನ್ನೊಂದು ದಾರಿ ಸೈಕಲ್ಲಿನ ವಾಲ್ವ್ ಟ್ಯೂಬು. ಅರವಿಂದ ಗುಪ್ತ ಅಂತ, ಕಸದಿಂದ ಆಟಿಕೆ ಮಾಡಿಸೋರು, 2018ರಲ್ಲಿ ಪದ್ಮಶ್ರೀ ಬಂತಲ್ಲ, ಅವರು ಬೆಂಕಿಕಡ್ಡಿಗೆ ವಾಲ್ವ್ ಟ್ಯೂಬು ಜೋಡಿಸಿ ಎಂಥೆಂಥ ಆಕಾರ ಮಾಡಿ ತೋರಿಸಿದ್ದಾರೆ. ಎರಡು ಕಡ್ಡಿ ನಡುವೆ ಅರ್ಧ ಇಂಚು ಟ್ಯೂಬು, ಮಂಡಿ ಸಿದ್ಧ. ಬೆಂಕಿಕಡ್ಡಿಯ ಮದ್ದು ಮೊದಲೇ ಕೆರೆದು ತೆಗೆದುಬಿಡು.

– ಸಾರ್, ನೀವು ನನ್ನ ಅರ್ಧ ಗಂಟೆಯ ಕೆಲಸವನ್ನ ನಾಲ್ಕು ದಿನ ಮಾಡಿಬಿಟ್ರಿ. ನಡಿಗೆ ಒಂದು ಬಾಕಿ ಇದೆ, ಅದಕ್ಕೂ ಏನಾದರೂ ಇಟ್ಟಿರ್ತೀರ.

– ಇಟ್ಟಿದ್ದೀನಿ. ಅದಕ್ಕೆ ಕಾಗದವೂ ಬೇಡ. ನಾಲ್ಕು ಮಕ್ಕಳನ್ನ ಒಬ್ಬರ ಹಿಂದೆ ಒಬ್ಬರು ನಿಲ್ಲಿಸಿ, ಮುಂದಿನವರ ಹೆಗಲ ಮೇಲೆ ಕೈ. ನಾಲ್ಕು ಜನ, ಎಷ್ಟು ಕಾಲು?

– ಎಂಟು! ಓಹೋ.

– ಈಗ ಮೊದಲನೆಯವನ ಎಡಗಾಲು, ಎರಡನೆಯವನ ಬಲಗಾಲು, ಮೂರನೆಯವನ ಎಡ, ನಾಲ್ಕನೆಯವನ ಬಲ, ಇವು ನಾಲ್ಕೂ ಒಟ್ಟಿಗೆ ಮುಂದೆ. ಆಮೇಲೆ ಉಳಿದ ನಾಲ್ಕು. ಜೇಡ ಸಾಧಾರಣವಾಗಿ ನಡೆಯೋ ಕ್ರಮ ಇದು. ನಾಲ್ಕು ಗಾಳಿಯಲ್ಲಿರುವಾಗ ನಾಲ್ಕು ನೆಲದ ಮೇಲೆ, ಅದೂ ಎರಡೂ ಮಗ್ಗುಲಿಗೆ ಹಂಚಿಕೊಂಡು, ಹಾಗಾಗಿ ಉರುಳಿ ಬೀಳಲ್ಲ. ಮಕ್ಕಳು ಮೊದಮೊದಲು ಮುಗ್ಗರಿಸ್ತಾರೆ, ಎರಡನೆಯವನಿಗೆ ತನ್ನ ಎಡ ಬಲ ಮರೆತೇ ಹೋಗುತ್ತೆ. ಎಡಗಾಲಿಗೆ ಬಿಳಿ ದಾರ ಕಟ್ಟಿಬಿಡು. ನಾಲ್ಕು ನಾಲ್ಕು ಮಕ್ಕಳ ತಂಡ ಮಾಡಿ ಅಂಗಳದಲ್ಲಿ ಓಟ ಇಟ್ಟರೆ ನೋಡಬೇಕು ನೀನು.

– ಇದು ನನಗೆ ಎಲ್ಲಕ್ಕಿಂತ ಹಿಡಿಸಿತು. ಕತ್ತರಿ ಬೇಡ, ಗೋಂದು ಬೇಡ. ಆದರೆ ಒಂದು ಮಾತು. ಕೆಲವು ಮಕ್ಕಳಿಗೆ ಜೇಡ ಅಂದರೆ ಜೀವಭಯ. ಒಬ್ಬ ಹುಡುಗಿಯಂತೂ ಚಿತ್ರ ಬಂದ ಪುಟವನ್ನೇ ಮುಟ್ಟಲ್ಲ.

– ಅವಳಿಗೆ ಬಣ್ಣದ ಕಾಗದ ಕೊಡು, ಗುಲಾಬಿಯೋ ಹಸಿರೋ, ಕಪ್ಪು ಬೇಡ. ಜೇಡ ಮಾಡಲ್ಲ ಅಂದರೆ ಅದೇ ಕೊಳವೆಯ ಮೇಲೆ ಮಂಗನೋ ಅಳಿಲೋ ಮಾಡಲಿ, ಹತ್ತೋದು ಹತ್ತುತ್ತೆ. ಬಲವಂತ ಮಾಡಿ ಧೈರ್ಯ ಕಲಿಸೋ ಕೆಲಸ ನಮಗೆ ಬೇಡ. ಶ್ರೀಕಾಳಹಸ್ತಿಯ ಕಥೆ ಬೇಕಾದರೆ ಹೇಳು. ಶ್ರೀ ಅನ್ನೋದು ಜೇಡ, ಕಾಳ ಹಾವು, ಹಸ್ತಿ ಆನೆ, ಮೂರೂ ಶಿವನನ್ನ ಪೂಜಿಸಿದವು. ಆ ಊರಿನ ಹೆಸರಿನಲ್ಲಿ ಆನೆಗಿಂತ ಮೊದಲು ಜೇಡ ಇದೆ. ಹಾಗಂತ ಕಥೆ ಕೇಳಿ ಜೇಡವನ್ನ ಕೈಯಲ್ಲಿ ಹಿಡಿಯೋಕೆ ಹೋಗಬಾರದು. ನಮ್ಮ ಮನೆಗಳಲ್ಲಿರೋವು ಬಹುಪಾಲು ನಿರುಪದ್ರವಿಗಳು, ಆದರೂ ಕಣ್ಣಿಂದ ನೋಡೋದು, ಕೈಯಿಂದ ಅಲ್ಲ.

– ಈ ಕೊಠಡಿಯಲ್ಲೇ ಎಷ್ಟಿವೆ ಗೊತ್ತಾ ಸಾರ್? ಗಡಿಯಾರದ ಹಿಂದೆ ಒಂದು ಅಂಗೈಯಗಲದ್ದು ಇದೆ, ಕಂದು ಬಣ್ಣದ್ದು, ಚಪ್ಪಟೆ. ಹೊಟ್ಟೆ ಕೆಳಗೆ ಬಿಳಿ ಬಿಲ್ಲೆ ಇಟ್ಟುಕೊಂಡು ಓಡಾಡುತ್ತೆ.

– ಅದು ಹೆಣ್ಣು, ಬಿಲ್ಲೆ ಅಂದರೆ ಮೊಟ್ಟೆಚೀಲ. ಬಲೆ ಕಟ್ಟಲ್ಲ ಅದು, ರಾತ್ರಿ ಓಡಾಡಿ ಜಿರಲೆ ಹಿಡಿಯುತ್ತೆ. ನಿನಗೆ ಸಂಬಳ ಇಲ್ಲದ ಕೆಲಸದವಳು.

– ಮೇಲಿನ ಮೂಲೆಯಲ್ಲಿ ಉದ್ದ ಕಾಲಿನ ಸಪೂರ ಜೇಡಗಳಿವೆ. ಪೊರಕೆ ತಗಲಿದರೆ ಸಾಕು, ಬಲೆ ಸಮೇತ ಗಡಗಡ ಅಂತ ಅದುರೋಕೆ ಶುರು, ಮೈಯೇ ಕಾಣೋದಿಲ್ಲ ಅಷ್ಟು ಜೋರಾಗಿ.

– ಶತ್ರು ಹತ್ತಿರ ಬಂದರೆ ಹಾಗೆ ಅದುರಿ ಗುರಿ ತಪ್ಪಿಸುತ್ತೆ. ಪೋಲ್ಕಸ್ ಜಾತಿಯವು... ಏ, ತಡಿ ತಡಿ. ಯಾಕೆ ನಗ್ತಿದ್ದೀಯ?

– ನನ್ನ ಮೊಬೈಲಿನ ಜೇಡ ಮಾಡೋದೂ ಅದನ್ನೇ ಅಲ್ವಾ ಸಾರ್? ಮಡಚಿದ ಕಾಲು, ಬೆನ್ನಿಗೆ ದಾರ, ಕುಲುಕಿದರೆ ಅದುರೋದು. ನೀವು ಜೋತಾಡುತ್ತೆ ಅಂತ ಬಯ್ದಿರಿ.

– ಆ ಜೇಡಕ್ಕೆ ದಪ್ಪ ಹೊಟ್ಟೆ ಇಲ್ಲ, ಕಾಲು ಕೂದಲೆಳೆ ಥರ. ಮೈ ಕಿರಿದು ಮಾಡಿಸು, ಕಾಲಿನ ಪಟ್ಟಿ ಸಪೂರ ಇರಲಿ, ಮೈಯ ಮೂರು ನಾಲ್ಕು ಪಟ್ಟು ಉದ್ದ ಇರಲಿ, ಆಗ ಒಪ್ತೀನಿ. ಪುಟಾಣಿಗಳಿಗೆ ಅದುರೋದು, ದೊಡ್ಡವರಿಗೆ ಹತ್ತೋದು. ಕಾಲು ಮಾತ್ರ ಮುಂಭಾಗಕ್ಕೆ.

– ಕಾಲು ಅವರಿಗೆ ಎಲ್ಲಿ ಬೇಕೋ ಅಲ್ಲಿಗೆ. ಮಂಗಳವಾರ ಜೇಡ ಮಾಡೋದು, ಬುಧವಾರ ಜೇಡ ನೋಡೋದು. ನಡುವೆ ನೀವು ಬಾಯಿ ಹಾಕಬಾರದು.

– ಬುಧವಾರ ನೋಡೋಕೆ ಜೇಡ ಬೇಕಲ್ಲ. ಶಿಬಿರ ಅಂತ ಸೋಮವಾರವೇ ಗುಡಿಸಿ ಸಾರಿಸಿ ಬಲೆಯೆಲ್ಲ ತೆಗೆಸಿಬಿಡ್ತೀಯ ನೀನು.

– ತೆಗೆಸದೆ ಇದ್ದರೆ ಪಿಡಿಒ ಬಂದು ಏನಂತಾರೆ? ಸೋಮವಾರ ಉದ್ಘಾಟನೆಗೆ ಬರೋರು ಅವರೇ.

– ಬೋಧನೋಪಕರಣ ಅಂತ ಒಂದು ಚೀಟಿ ಬರೆದು ಬಲೆಯ ಕೆಳಗೆ ಅಂಟಿಸು. ದಾಸ್ತಾನು ಪುಸ್ತಕದಲ್ಲೂ ಏರಿಸಿಬಿಡು, ಆಮೇಲೆ ಯಾರೂ ಮುಟ್ಟಲ್ಲ.